ಒಪ್ಪಿದ್ದಕ್ಕಿಂತ ಹೆಚ್ಚು ಕೆಲಸವಾದರೆ ಹಣದ ಲೆಕ್ಕ ಹೇಗೆ?

ಮದುವೆಯ ಫೋಟೋ ತೆಗೆಯುವವರು, ಲಗ್ನಪತ್ರಿಕೆ ಡಿಸೈನ್ ಮಾಡುವವರು, ಮನೆ ಕಟ್ಟುವ ಗವಂಡಿಗಳು: ನಾಗನೂರಿನಂಥ ಊರಿನಲ್ಲಿ ಇವರ‍್ಯಾರೂ ತಿಂಗಳ ಪಗಾರಕ್ಕೆ ದುಡಿಯುವವರಲ್ಲ. ಒಂದು ಕೆಲಸ, ಅದಕ್ಕೊಂದು ಮೊತ್ತ, ಮುಗಿದ ಮೇಲೆ ಲೆಕ್ಕ ಚುಕ್ತಾ. ಬೆಂಗಳೂರಿನವರು ಫ್ರೀಲಾನ್ಸರ್ ಎನ್ನುವುದು ಇಂಥವರಿಗೇ. ಮಾತಾಡಿಕೊಂಡ ಕೆಲಸಕ್ಕೆ ಜಗಳ ಬರುವುದು ಅಪರೂಪ. ಜಗಳ ಹುಟ್ಟುವುದು ನಡುವೆ ಸೇರಿಕೊಂಡ ಕೆಲಸಕ್ಕೆ. "ಇದೊಂದಿಷ್ಟ ಮಾಡಿಬಿಡೊ ತಮ್ಮಾ, ಆಮ್ಯಾಲೆ ನೋಡೂಣಂತ" ಎಂದು ಹೇಳಿದವರು ಆಮೇಲೆ ನೋಡುವುದು ಬಿಲ್ ಕೈಗೆ ಬಂದಾಗಲೇ. ಅಷ್ಟರಲ್ಲಿ ಕೊಡುವವರ ಲೆಕ್ಕ ಒಂದು, ಕೇಳುವವರ ಲೆಕ್ಕ ಇನ್ನೊಂದು ಆಗಿರುತ್ತದೆ.

ಯಾವುದು ಹೆಚ್ಚಿನ ಕೆಲಸ, ಯಾವುದು ಅಲ್ಲ?

ಮೊದಲು ಮೂರು ಸಂಗತಿಗಳನ್ನು ಬೇರೆ ಮಾಡಬೇಕು.

1. ತಪ್ಪು ತಿದ್ದುವುದು. ಲಗ್ನಪತ್ರಿಕೆಯಲ್ಲಿ ಡಿಸೈನರ್ ಹೆಸರು ತಪ್ಪಾಗಿ ಹಾಕಿದರೆ ತಿದ್ದಿಕೊಡುವುದು ಅವರದೇ ಹೊಣೆ, ಅದಕ್ಕೆ ಹಣವಿಲ್ಲ. ಮನೆಯವರು ಪ್ರೂಫ್ ನೋಡಿ ಒಪ್ಪಿದ ಮೇಲೆ ಕಾಕಾನ ಹೆಸರು ಬಿಟ್ಟುಹೋಗಿದೆ, ಸೋದರಮಾವನ ಹೆಸರು ಮೇಲೆ ಬರಬೇಕು ಎಂದರೆ ಅದು ಹೊಸ ಕೆಲಸ. ಅಚ್ಚಾದ ಪತ್ರಿಕೆಯ ಖರ್ಚೂ ಮನೆಯವರದೇ.

2. ದರ ಏರಿಕೆ. ಒಪ್ಪಿದ ಕೆಲಸವನ್ನೇ ಮಾಡುವಾಗ ಖರ್ಚು ಹೆಚ್ಚಾಯಿತು ಎನ್ನುವುದು ಹೆಚ್ಚಿನ ಕೆಲಸವಲ್ಲ. ಸೈನ್ಯಕ್ಕೆ ತುಪ್ಪ ಖರೀದಿಸಿ ಕೊಡಲು 1937ರಲ್ಲಿ ಒಪ್ಪಂದ ಮಾಡಿಕೊಂಡಿದ್ದ ಅಲೋಪಿ ಪರ್ಷಾದ್ ಕಂಪನಿ, ಮಹಾಯುದ್ಧದಿಂದ ಪರಿಸ್ಥಿತಿ ಬದಲಾಯಿತೆಂದು ಹೆಚ್ಚಿನ ಹಣ ಕೇಳಿತ್ತು. ದರ ಒಪ್ಪಂದದಲ್ಲೇ ಇರುವಾಗ, ಕೆಲಸ ಭಾರವಾಯಿತು ಎಂಬ ಒಂದೇ ಕಾರಣಕ್ಕೆ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು. ಸಾಮಾನಿನ ದರ ಏರಿದರೆ ಯಾರು ಹೊರಬೇಕು ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳುವುದು ಇದಕ್ಕಾಗಿ.

3. ನಿಜವಾದ ಹೆಚ್ಚಿನ ಕೆಲಸ. ಮಾತಿನಲ್ಲಿ ಇಲ್ಲದ ಅರಿಶಿನ ಶಾಸ್ತ್ರದ ಚಿತ್ರೀಕರಣ, ಆಲ್ಬಮ್‌ಗೆ ಇನ್ನಷ್ಟು ಪುಟ, ಮನೆಗೆ ಹೊಸದಾಗಿ ಸೇರಿಸಿದ ನೀರಿನ ಟಾಕಿ ಇವೆಲ್ಲ ಈ ಬಗೆಯವು. ಹಣ ಕೊಡಬೇಕಾದದ್ದು ಇವಕ್ಕೆ.

ಕಾಗದ ಇಲ್ಲದಿದ್ದರೆ?

ಭಾರತೀಯ ಕರಾರು ಕಾಯ್ದೆ 1872ರ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಒಪ್ಪಂದವೇ. ದರದ ಮಾತೇ ಆಗದಿದ್ದಾಗ ನೆರವಿಗೆ ಬರುವುದು 70ನೇ ಕಲಮು. ಒಬ್ಬರು ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಇನ್ನೊಬ್ಬರಿಗಾಗಿ ನ್ಯಾಯಬದ್ಧವಾಗಿ ಕೆಲಸ ಮಾಡಿ, ಅದರ ಲಾಭವನ್ನು ಇನ್ನೊಬ್ಬರು ಪಡೆದರೆ, ಪಡೆದವರು ತಕ್ಕ ಹಣ ಕೊಡಬೇಕು ಇಲ್ಲವೇ ವಸ್ತುವನ್ನು ಹಿಂದಿರುಗಿಸಬೇಕು. ಬಂಗಾಳದ ಬಿ.ಕೆ. ಮಂಡಲ್ ಕಂಪನಿ ನಾಗರಿಕ ಪೂರೈಕೆ ಇಲಾಖೆಗೆ ಕಟ್ಟಡ, ಅಡುಗೆಮನೆ, ಕಚ್ಚಾ ರಸ್ತೆ ಮಾಡಿಕೊಟ್ಟಿತ್ತು. ಒಪ್ಪಂದ ಕ್ರಮಬದ್ಧವಾಗಿ ಆಗಿಲ್ಲವೆಂದು ಸರಕಾರ ಹಣ ತಡೆಯಿತು. ಕಟ್ಟಿದ್ದನ್ನು ಒಪ್ಪಿಕೊಂಡು ಬಳಸಿದ ಮೇಲೆ ಹಣ ಕೊಡಲೇಬೇಕು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬೇಡದ ಕೆಲಸವನ್ನು ನಿರಾಕರಿಸುವ ಹಕ್ಕು ಇದ್ದೇ ಇದೆ ಎಂಬುದನ್ನೂ ಅದೇ ತೀರ್ಪು ಹೇಳುತ್ತದೆ. ಹಾಗಾಗಿ ಹೇಳದೇ ಮಾಡಿದ ಕೆಲಸ ಬೇಡವಾದರೆ ಕಂಡ ಕೂಡಲೇ ಬೇಡ ಅನ್ನಿ. ಬಳಸಿಕೊಂಡು ಆಮೇಲೆ "ನಾವೇನು ಹೇಳಿದ್ದೆವೇ?" ಎನ್ನುವ ವಾದ ನಿಲ್ಲುವುದಿಲ್ಲ.

ಲೆಕ್ಕ ಹಾಕುವ ಬಗೆ

ಮೊದಲ ಒಪ್ಪಂದದ ಮೊತ್ತವನ್ನು ಬಿಡಿಬಿಡಿಯಾಗಿ ಒಡೆದಿಟ್ಟುಕೊಂಡರೆ ಹೆಚ್ಚಿನ ಕೆಲಸದ ದರ ತಾನಾಗಿಯೇ ಸಿಗುತ್ತದೆ. ಮುಂದಿನ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಮಾರುಕಟ್ಟೆಯ ದರವಲ್ಲ. ಮದುವೆಯ ಫೋಟೋ ಕೆಲಸಕ್ಕೆ 60,000 ರೂಪಾಯಿ ಮಾತಾಗಿದೆ ಎನ್ನಿ. ಎರಡು ದಿನದ ಚಿತ್ರೀಕರಣ ದಿನಕ್ಕೆ 20,000ದಂತೆ 40,000, ಎಡಿಟಿಂಗ್ 8,000, 40 ಪುಟದ ಆಲ್ಬಮ್ 12,000. ಈಗ ಅರ್ಧ ದಿನದ ಅರಿಶಿನ ಶಾಸ್ತ್ರ ಸೇರಿದರೆ 10,000. ಆಲ್ಬಮ್‌ಗೆ 20 ಪುಟ ಹೆಚ್ಚಿದರೆ ಪುಟಕ್ಕೆ 300ರಂತೆ 6,000. ಡ್ರೋನ್ ಮೊದಲಿನ ಪಟ್ಟಿಯಲ್ಲೇ ಇಲ್ಲ, ಅದರ ಬಾಡಿಗೆಯನ್ನು ಹೊಸದಾಗಿ ಕೇಳಬೇಕು. ಅದು 5,000 ಆದರೆ ಹೆಚ್ಚಿನದು 21,000, ಒಟ್ಟು 81,000.

ಕೆಲಸ ಕಡಿಮೆಯಾದಾಗ ಲೆಕ್ಕ ಅಷ್ಟು ಸರಳವಲ್ಲ. ಆಲ್ಬಮ್‌ನ ಪುಟ ಕಡಿಮೆಯಾದರೆ ಆ ಹಣ ಕಳೆಯಬಹುದು. ಮುಹೂರ್ತದ ದಿನವನ್ನೇ ಕೊನೆಯ ಗಳಿಗೆಯಲ್ಲಿ ಕೈಬಿಟ್ಟರೆ ಪೂರ್ತಿ ಕಳೆಯುವುದು ನ್ಯಾಯವಲ್ಲ. ಆ ದಿನಕ್ಕೆಂದು ಬೇರೆ ಮದುವೆಯನ್ನು ಅವರು ಒಲ್ಲೆ ಎಂದಿರುತ್ತಾರೆ.

ಗವಂಡಿ ಕೆಲಸದಲ್ಲಿ ದೊಡ್ಡ ತಕರಾರು ಪಾಯದ್ದು. ಎರಿ ಮಣ್ಣಿನಲ್ಲಿ ಗಟ್ಟಿ ನೆಲ ಸಿಗುವವರೆಗೆ ತೋಡಬೇಕಾಗುತ್ತದೆ. ಮಾತಾಡಿದ್ದು ನಾಲ್ಕು ಅಡಿ, ತೋಡಿದ್ದು ಆರು ಅಡಿ ಆಗಬಹುದು. ಮುಚ್ಚಿದ ಮೇಲೆ ಅಳೆಯಲಾಗದು. ಮುಚ್ಚುವ ಮುನ್ನವೇ ಇಬ್ಬರೂ ನಿಂತು ಟೇಪ್ ಹಿಡಿದು ಅಳೆದು, ಫೋಟೋ ತೆಗೆದು, ಚೀಟಿಯಲ್ಲಿ ಬರೆದು ಸಹಿ ಹಾಕಿ. ಎಷ್ಟು ಅಡಿಯವರೆಗೆ ಒಪ್ಪಿದ ದರ, ಅದರ ಕೆಳಗೆ ಅಡಿಗೆ ಎಷ್ಟು ಎಂಬುದು ಕೆಲಸ ಹಿಡಿಯುವಾಗಲೇ ತೀರ್ಮಾನವಾಗಿದ್ದರೆ ಇನ್ನೂ ಒಳ್ಳೆಯದು.

ಒಂದು ವಾಟ್ಸಾಪ್ ಸಾಕು

ಹೆಚ್ಚಿನ ಕೆಲಸಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ. ಯಾವ ಕೆಲಸ, ಎಷ್ಟು ಹಣ, ಎಷ್ಟು ದಿನ ಹೆಚ್ಚು, ಹಣ ಯಾವಾಗ: ಈ ನಾಲ್ಕು ಇರಬೇಕು. "ಮಾತಾಡಿದ ಕೆಲಸದ ಹೊರತಾಗಿ ಆಲ್ಬಮ್‌ಗೆ 20 ಪುಟ, 6,000 ರೂಪಾಯಿ, ಕೊಡುವ ದಿನ ಒಂದು ವಾರ ಮುಂದಕ್ಕೆ, ಅರ್ಧ ಈಗ, ಅರ್ಧ ಆಲ್ಬಮ್ ಕೊಟ್ಟಾಗ" ಎಂದು ಬರೆದು ಕಳಿಸಿ, "ಆಗಲಿ" ಎಂಬ ಉತ್ತರ ಬಂದ ಮೇಲೆ ಕೆಲಸ ಶುರುವಾಗಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಬೆಲೆಯಿದೆ. ಕೋರ್ಟಿಗೆ ಕೊಡುವಾಗ ಅದರ ಜೊತೆ 63ನೇ ಕಲಮಿನ ಪ್ರಮಾಣಪತ್ರ ಬೇಕು. ದಿನದ ಮಾತನ್ನು ಮಾತ್ರ ಮರೆಯಬೇಡಿ. ಕೆಲಸ ಹೆಚ್ಚಿಸಿ ದಿನ ಹೆಚ್ಚಿಸದಿದ್ದರೆ ತಡವಾಯಿತೆಂಬ ಇನ್ನೊಂದು ಜಗಳ ಕಾದಿರುತ್ತದೆ.

ಕೆಲಸ ಮಾಡಿದವರು ಉದ್ಯಮ್ ನೋಂದಣಿ ಮಾಡಿಸಿದ ಕಿರು ಅಥವಾ ಸಣ್ಣ ಉದ್ಯಮದವರಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಹಣ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ.

ಮಾತು ಮುರಿದರೆ

ಹಣ ಕೊಡುವ ದಿನ ಗೊತ್ತುಪಡಿಸದ ಕೆಲಸಕ್ಕೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಹತ್ತಿಪ್ಪತ್ತು ಸಾವಿರದ ಬಾಕಿಗೆ ಅಷ್ಟು ದೂರ ಹೋಗುವುದಕ್ಕಿಂತ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವುದು ಲೇಸು. ಅಲ್ಲಿ ಕೋರ್ಟ್ ಫೀ ಇಲ್ಲ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ.

ಇಷ್ಟೆಲ್ಲ ತೊಂದರೆ ತಪ್ಪಿಸುವ ದಾರಿ ಸಣ್ಣದು. ಹೆಚ್ಚಿನ ಕೆಲಸ ಹೇಳುವವರು ಅದರ ಜೊತೆಗೇ "ಇದಕ್ಕೆಷ್ಟು?" ಎಂದು ಕೇಳಿಬಿಡಿ. ಮಾಡುವವರು ಸಂಕೋಚಪಡದೆ ಅಲ್ಲೇ ದರ ಹೇಳಿಬಿಡಿ. ಪ್ರೀತಿಗೆ ಮಾಡುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಿ, ಆಮೇಲೆ ಬಿಲ್‌ನಲ್ಲಿ ಸೇರಿಸಬೇಡಿ.