ಹಿರೇಬೆಣಕಲ್: ಮೃತರಿಗಾಗಿ ಕಟ್ಟಿದ ಕಲ್ಲಿನ ಊರು

ಹಂಪಿ ನೋಡಲು ಬರುವವರಲ್ಲಿ ಹೆಚ್ಚಿನವರು ತುಂಗಭದ್ರೆ ದಾಟಿದರೂ ಆನೆಗೊಂದಿಯಿಂದಲೇ ಹಿಂದಿರುಗುತ್ತಾರೆ. ಆದರೆ ಅದೇ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ, ವಿಜಯನಗರಕ್ಕಿಂತ ಒಂದೂವರೆ ಸಾವಿರ ವರ್ಷಕ್ಕೂ ಹಿಂದಿನ ಇನ್ನೊಂದು ‘ಊರು’ ಇದೆ. ಸಾಲು ಸಾಲಾಗಿ ಕಲ್ಲಿನ ಮನೆಗಳಿವೆ. ಆದರೆ ಅವುಗಳಲ್ಲಿ ಯಾರೂ ಬಾಳಿದವರಲ್ಲ. ಅವು ಮೃತರ ನೆನಪಿಗೆ ನಿಲ್ಲಿಸಿದ ಶಿಲಾ ಸಮಾಧಿಗಳು.

ಇಲ್ಲಿ ಇಂತಹ ಸುಮಾರು 400 ರಚನೆಗಳಿವೆ. ಇವು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂಬುದು ವಿದ್ವಾಂಸರ ಅಂದಾಜು. ಮೂರು ಅಥವಾ ನಾಲ್ಕು ಚಪ್ಪಡಿಗಳನ್ನು ಒಂದಕ್ಕೊಂದು ಆಸರೆಯಾಗುವಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ್ದಾರೆ. ಗಾರೆಯಿಲ್ಲ, ಕೆತ್ತನೆಯಿಲ್ಲ. ಹಲವು ಕಲ್ಮನೆಗಳ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿಯಿದೆ. ಗಟ್ಟಿ ಗ್ರಾನೈಟಿನಲ್ಲಿ ಇಷ್ಟು ಅಚ್ಚುಕಟ್ಟಾದ ವೃತ್ತವನ್ನು ಕೊರೆದವರ ಕೈಚಳಕಕ್ಕೆ ತಲೆದೂಗಲೇಬೇಕು.

ಕಲ್ಲನ್ನು ದೂರದಿಂದ ಹೊತ್ತು ತಂದುದಲ್ಲ. ಬಿಸಿಲು-ಮಳೆಗೆ ಮೈಯೊಡ್ಡಿದ ಗ್ರಾನೈಟ್ ಬಂಡೆ ಕಾಲಕ್ರಮೇಣ ಪದರ ಪದರವಾಗಿ ಬಿರಿಯುತ್ತದೆ. ಆ ಬಿರುಕನ್ನು ಗುರುತಿಸಿ ಚಪ್ಪಡಿ ಎಬ್ಬಿಸುವ ವಿದ್ಯೆ ಅಂದಿನವರಿಗೆ ತಿಳಿದಿತ್ತು. ಬೆಟ್ಟದ ಮೇಲಿನ ಕೊಳವೇ ಅವರ ಕಲ್ಲುಗಣಿಯಾಗಿದ್ದಿರಬಹುದೆಂದು ಊಹಿಸಲಾಗಿದೆ. ಹತ್ತಿರದಲ್ಲಿಯೇ ಬಂಡೆಯ ನೆತ್ತಿಯ ಮೇಲೊಂದು ‘ನಗಾರಿ ಕಲ್ಲು’ ಇದೆ. ಬಡಿದರೆ ನಗಾರಿಯಂತೆ ಮೊಳಗುವ ಅದರ ಸದ್ದು ಬಹುದೂರ ಕೇಳಿಸುತ್ತದೆ.

ಸ್ಥಳೀಯರಿಗೆ ಇದು ‘ಮೊರೇರ ಬೆಟ್ಟ’. ಕುಳ್ಳ ದೇಹದ ಮೊರೇರು ಇಲ್ಲಿ ವಾಸವಾಗಿದ್ದರೆಂಬ ಐತಿಹ್ಯವಿದೆ. ಹೆಸರಿನ ಸಾಮ್ಯ ಕಂಡು ಮೌರ್ಯರೊಡನೆ ನಂಟು ಕಲ್ಪಿಸುವವರೂ ಉಂಟು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಈ ಊಹೆ ಸಹಜವೇ. ಆದರೆ ಕಲ್ಮನೆ ಕಟ್ಟುವ ಪದ್ಧತಿ ಅಶೋಕನಿಗಿಂತ ಕೆಲವು ಶತಮಾನಗಳಷ್ಟು ಹಳೆಯದು.

ಮೆಡೋಸ್ ಟೇಲರ್ 1835ರಲ್ಲಿಯೇ ಈ ತಾಣದ ಬಗ್ಗೆ ಬರೆದಿದ್ದನು. ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಇದು ಸೇರಿದ್ದು 2021ರಲ್ಲಿ. ಈ ನಡುವೆ ಅನೇಕ ಕಲ್ಮನೆಗಳು ಕುಸಿದಿವೆ. ನಿಸರ್ಗದ ಜತೆಗೆ ನಿಧಿಗಳ್ಳರ ಪಾಲೂ ಇದರಲ್ಲಿದೆ. ಹಲವು ಕಲ್ಮನೆಗಳು ನಿಂತಿರುವುದು ಬರಿಯ ಹಾಸುಬಂಡೆಯ ಮೇಲೆ. ಅಲ್ಲಿ ಅಗೆಯಲು ಮಣ್ಣೇ ಇಲ್ಲ! ದಕ್ಷಿಣ ಭಾರತದ ಈ ಕಾಲದ ಸಮಾಧಿಗಳಲ್ಲಿ ಸಾಮಾನ್ಯವಾಗಿ ದೊರೆತಿರುವುದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಲಕರಣೆ. ಕಳ್ಳನಿಗೆ ಅವು ಬೇಡ. ಸಂಶೋಧಕನಿಗೆ ಅವೇ ಬೇಕು. ಒಂದು ಚಪ್ಪಡಿಯನ್ನು ಕದಲಿಸಿದರೂ ಅದು ಯಾವ ದಿಕ್ಕಿಗಿತ್ತು, ಯಾವುದಕ್ಕೆ ಆಸರೆಯಾಗಿತ್ತು ಎಂಬ ಸುಳಿವು ಅಳಿಸಿಹೋಗುತ್ತದೆ. ಇದನ್ನು ಕಟ್ಟಿದವರು ಬರಹವನ್ನು ಬಿಟ್ಟುಹೋಗಿಲ್ಲ. ಅವರ ಕುರಿತು ತಿಳಿಯಲು ಈ ಜೋಡಣೆಯೇ ಆಧಾರ.

ಬೆಟ್ಟವನ್ನು ಕಾಲ್ನಡಿಗೆಯಲ್ಲಿಯೇ ಏರಬೇಕು. ಬಿಸಿಲೇರುವ ಮುನ್ನ ಹೊರಟು, ಕುಡಿಯುವ ನೀರನ್ನು ಜತೆಗೊಯ್ಯುವುದು ಒಳಿತು.