ಮೆದು ಮರಕ್ಕೆ ಮೈ ಕಟ್ಟುವವರು

ರಾಯಬಾಗದ ನೆರೆಯೂರು ಗೋಕಾಕ. ಅಲ್ಲಿಯ ಗೊಂಬೆ, ಬಣ್ಣದ ಹಣ್ಣು–ತರಕಾರಿಗಳ ಹೆಸರನ್ನು ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಜನಕ್ಕೆ ಹೊಸದಾಗಿ ಹೇಳಬೇಕಿಲ್ಲ. ನಾವು ಬಣ್ಣವನ್ನು ಹೊಗಳಿ ಸುಮ್ಮನಾಗುತ್ತೇವೆ. ಮೆದು ಮರದ ಕೆಲಸದಲ್ಲಿ ಅರ್ಧ ಕಸುಬು ಇರುವುದು ಬಣ್ಣದ ಕೆಳಗೆ.

ಅದನ್ನು ಪದರ ಪದರವಾಗಿ ಅರಿಯಲು ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕಿಂತ ಒಳ್ಳೆಯ ಊರಿಲ್ಲ. ಭೌಗೋಳಿಕ ಮಾನ್ಯತೆ ಪಡೆದ ಈ ಕಲೆಯ ಚಿತ್ರಗಾರರು ಗೊಂಬೆ, ದೇವರ ವಾಹನಗಳ ಜೊತೆಗೆ ತೊಟ್ಟಿಲು, ಪಲ್ಲಕ್ಕಿಗಳನ್ನೂ ಮಾಡಿದವರು. ಅವರು ಬಳಸುವ ಪೊಲ್ಕಿ ಮರ ಹಗುರ, ಉಳಿಗೆ ಸಲೀಸು. ಅಂಥ ಮರ ಬಣ್ಣವನ್ನು ಎಲ್ಲ ಕಡೆ ಒಂದೇ ಸಮ ಹೀರುವುದಿಲ್ಲ, ಪೆಟ್ಟು ಬಿದ್ದರೆ ತಗ್ಗಾಗುತ್ತದೆ. ಅದಕ್ಕೇ ಮೊದಲು ‘ಕಿಟ್ಟ’. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಗುಟ್ಟಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಮಿಶ್ರಣವಿದು. ಅದನ್ನು ಕೈಯಿಂದಲೇ ಮೈತುಂಬ ಮೆತ್ತುತ್ತಾರೆ. ಮೇಲೆ ಅದೇ ಅಂಟಿನಿಂದ ಹತ್ತಿ ಬಟ್ಟೆಯ ತುಂಡುಗಳನ್ನು ಹಚ್ಚುತ್ತಾರೆ. ಆಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣದ ಸರದಿ ಬರುವುದು ಇಷ್ಟಾದ ಮೇಲೆ. ಒಡವೆಯ ಉಬ್ಬು ಕೆಲಸಕ್ಕೂ ಆ ಕಲ್ಲಿನ ಪುಡಿಯೇ ಬೇಕು. ಪೇಟೆಯ ಯಾವ ಡಬ್ಬಿಯಲ್ಲೂ ಸಿಗದ ಈ ತಾಳ್ಮೆಯನ್ನು ನಾನು ಬಣ್ಣಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ.

ಮಾವಿನ ಹಲಗೆಯಲ್ಲೋ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದಲ್ಲೋ ಮಣೆ, ಸ್ಟೂಲು ಮಾಡಿಸುವವರಿಗೂ ಇದೇ ನ್ಯಾಯ. ಇಲ್ಲಿ ಕಿಟ್ಟದ ಬದಲು ಅರಗು. ಮುತ್ತುಗ, ಬಾರಿ ಗಿಡಗಳ ಮೇಲೆ ಅರಗಿನ ಹುಳು ಸ್ರವಿಸಿದ್ದನ್ನು ಶುದ್ಧಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿದರೆ ಫ್ರೆಂಚ್ ಪಾಲಿಶ್. ಮೊದಲು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದಾಗ ಎದ್ದು ನಿಲ್ಲುವ ನಾರನ್ನು ನುಣುಪಾದ ಪಾಲಿಶ್ ಪೇಪರಿನಿಂದ ಎಳೆಯ ಗುಂಟ ತಿಕ್ಕಬೇಕು. ಅಡ್ಡ ತಿಕ್ಕಿದ ಗೀರು ಪಾಲಿಶ್ ಬಿದ್ದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಬಣ್ಣ ಹಾಕುವ ಮೊದಲು ತೆಳ್ಳಗಿನ ಅರಗಿನ ಒಂದು ಕೈ ಕೊಟ್ಟರೆ ಮರದ ಬಾಯಾರಿಕೆ ಅಡಗುತ್ತದೆ, ಕಲೆಕಲೆಯಾಗುವುದು ಕಡಿಮೆ. ಕೊಯ್ದ ತುದಿಗಳು ಹೆಚ್ಚು ಹೀರುವುದರಿಂದ ಅಲ್ಲಿಗೆ ಎರಡು ಕೈ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಹತ್ತಿಯುಂಡೆಯಿಂದ ತೆಳುವಾಗಿ, ಒಣಗಿಸುತ್ತ, ಮತ್ತೆ ಮತ್ತೆ. ಒಮ್ಮೆಲೇ ದಪ್ಪ ಬಳಿದರೆ ಕೆಲಸ ಕೆಟ್ಟಂತೆ.

ಮಳೆಗಾಲದಲ್ಲಿ, ಅದರಲ್ಲೂ ಕೃಷ್ಣೆಯ ದಂಡೆಯ ಊರುಗಳಲ್ಲಿ, ಈ ಕೆಲಸಕ್ಕೆ ಬಿಸಿಲು ಬೀಳುವ ದಿನವನ್ನೇ ಕಾಯಬೇಕು. ಗಾಳಿಯ ತೇವ ಸೇರಿದರೆ ಅರಗು ಬೆಳ್ಳಗೆ ಮಂಜುಗಟ್ಟುತ್ತದೆ. ಬಿಸಿ ಚಹಾದ ಲೋಟ ಇಟ್ಟರೂ ಗುರುತು ಮೂಡುತ್ತದೆ. ಊಟದ ಮೇಜಿಗೆ ವಾರ್ನಿಶ್ಶೇ ಸರಿ. ಕಣ್ಣಿಗೆ ಕಾಣದ ಕೆಳಮೈಗೂ ಪಾಲಿಶ್ ಹಚ್ಚಿಸಿ. ಮೇಲ್ಮೈಗೆ ಮಾತ್ರ ಹಚ್ಚಿದ ಹಲಗೆ ಕೆಳಗಿನಿಂದ ತೇವ ಎಳೆದುಕೊಂಡು ಬಾಗುತ್ತದೆ.