ಜೋಗದ ನೀರು ಕಡಲು ಸೇರುವವರೆಗೆ

ನಮ್ಮ ಊರಿಗೆ ಅಣೆಕಟ್ಟಿನದೇ ಹೆಸರು. ಹೊಸಪೇಟೆಯಲ್ಲಿ ಆಟೋದವರಿಗೆ ‘ಟಿ.ಬಿ. ಡ್ಯಾಂ’ ಎಂದರೆ ಸಾಕು, ಬೇರೆ ವಿಳಾಸ ಬೇಡ. ಬ್ಯಾಂಕಿನ ಗುಮಾಸ್ತ ಕೆಲಸದಿಂದ ನಿವೃತ್ತನಾದ ಮೇಲೆ ನನಗೂ ನನ್ನಾಕೆಗೂ ಒಂದು ಹುಚ್ಚು ಹತ್ತಿತ್ತು. ದಕ್ಷಿಣ ಅಮೆರಿಕದ ಜಲಪಾತ, ಕಡಲತೀರಗಳನ್ನು ನೋಡಬೇಕು! ಮೊಮ್ಮಗಳ ಅಟ್ಲಾಸ್ ಮುಂದಿಟ್ಟುಕೊಂಡು ಎಷ್ಟೋ ಸಂಜೆ ಅಲ್ಲಿಗೆ ಹೋಗಿ ಬಂದಿದ್ದೇವೆ. ಆದರೆ ನನ್ನ ಪಾಸ್‌ಬುಕ್ಕೂ ಆಕೆಯ ಮೊಣಕಾಲೂ ಒಪ್ಪಲಿಲ್ಲ.

“ಜಲಪಾತದಿಂದ ಸಮುದ್ರಕ್ಕೆ ಹೋಗಬೇಕು, ಅಷ್ಟೇ ತಾನೆ? ಶರಾವತಿ ಜೊತೆಗೇ ಹೋಗೋಣ ನಡೀರಿ” ಅಂದಳು ಆಕೆ.

ಮಳೆಗಾಲ ಮುಗಿಯುತ್ತಿದ್ದಂತೆ ಹೊರಟೆವು. ಶಿವಮೊಗ್ಗದವರೆಗೆ ಸರ್ಕಾರಿ ಬಸ್ಸು. ಆಕೆ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಪಡೆದಳು, ನಾನು ಪೂರ್ತಿ ದುಡ್ಡು ಕೊಟ್ಟೆ. ಅಲ್ಲಿಂದ ತಾಳಗುಪ್ಪ ರೈಲು ಹತ್ತಿ ಸಾಗರದಲ್ಲಿ ಇಳಿದೆವು.

ನೀರಿನ ಕೆಳಗಿನ ಊರುಗಳು

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಕಡಲು ಸೇರುವವರೆಗೆ ಅದರ ಓಟ ಸುಮಾರು 128 ಕಿ.ಮೀ. ಮಾತ್ರ. ಆ ಪುಟ್ಟ ಓಟಕ್ಕೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಡ್ಡಗಟ್ಟೆ ಬಿತ್ತು. ಸಾಗರದಿಂದ ಸಿಗಂದೂರಿನ ದಾರಿಯಲ್ಲಿ ಹೋದರೆ ಅದರ ಹಿನ್ನೀರು ಕಾಣುತ್ತದೆ. ಎಲ್ಲಿ ನೋಡಿದರೂ ನೀರು, ನಡುನಡುವೆ ಹಸಿರು ಗುಡ್ಡದ ತಲೆಗಳು.

ನನ್ನಾಕೆ ಮಾತಿಲ್ಲದೆ ನಿಂತಳು. ಅವಳ ತಾಯಿಯ ತವರು ನಾರಾಯಣದೇವರಕೆರೆ. ನಮ್ಮ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಸುಮಾರು 90 ಹಳ್ಳಿಗಳು ಮುಳುಗಿದವು, ಅದರಲ್ಲಿ ಇದೂ ಒಂದು. ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. “ಇಲ್ಲೂ ಯಾರದೋ ಅಂಗಳ, ಯಾರದೋ ತುಳಸಿಕಟ್ಟೆ ಕೆಳಗಿದೆ ರೀ” ಅಂದಳು.

ಮಕ್ಕಳೇ, ಇಲ್ಲಿ ಮುಳುಗಿದ್ದು ಮನೆ, ಗದ್ದೆಗಳಷ್ಟೇ ಅಲ್ಲ. ಹಿರೇಭಾಸ್ಕರ ಎಂಬ ಹಳೆಯ ಅಣೆಕಟ್ಟನ್ನೇ ಹೊಸ ಅಣೆಕಟ್ಟಿನ ನೀರು ನುಂಗಿದೆ! ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಮತ್ತೆ ತಲೆ ಎತ್ತುತ್ತದೆ. ಹಿನ್ನೀರಿನ ಆಚೆ ಉಳಿದವರಿಗೆ ಲಾಂಚೇ ದಾರಿಯಾಗಿತ್ತು. ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟು ಮುಗಿದು 60 ವರ್ಷ ದಾಟಿತ್ತು.

ಐದು ಡ್ಯಾಂ ಎತ್ತರದ ಜೋಗ

ಜೋಗದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಇಳಿಯುತ್ತಿದ್ದವು. ಎತ್ತರ 253 ಮೀಟರ್. ನಮ್ಮ ಟಿ.ಬಿ. ಡ್ಯಾಂನಂಥ ಐದು ಅಣೆಕಟ್ಟುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟು ಎತ್ತರ. ನಾವು ಅಟ್ಲಾಸಿನಲ್ಲಿ ನೋಡಿದ ಇಗುವಾಸು ಜಲಪಾತ ಅರ್ಜೆಂಟೀನಾ, ಬ್ರೆಜಿಲ್ ಗಡಿಯಲ್ಲಿದೆ. ಸುಮಾರು 275 ಧಾರೆಗಳು, ಆದರೆ ಎತ್ತರ 82 ಮೀಟರ್ ಮಾತ್ರ. ಅಗಲದಲ್ಲಿ ಅದು ದೊಡ್ಡದು, ಎತ್ತರದಲ್ಲಿ ನಮ್ಮದು. ವೆನೆಜುವೆಲಾದ ಏಂಜೆಲ್ ಜಲಪಾತದ ಮುಂದೆ ಮಾತ್ರ ಯಾರದೂ ನಡೆಯದು. ಅದು 979 ಮೀಟರ್, ಸುಮಾರು ನಾಲ್ಕು ಜೋಗ!

ಬೇಸಿಗೆಯಲ್ಲಿ ಜೋಗಕ್ಕೆ ಹೋದವರು “ಬರೀ ಬಂಡೆ ನೋಡಿ ಬಂದೆವು” ಎನ್ನುತ್ತಾರೆ. ಹಾಗಾದರೆ ನೀರು ಎಲ್ಲಿ ಹೋಯಿತು? ಪೈಪುಗಳಲ್ಲಿ ಇಳಿದು ವಿದ್ಯುತ್ ಯಂತ್ರಗಳನ್ನು ತಿರುಗಿಸುತ್ತಿದೆ. ಜೋಗದಲ್ಲಿ 1948ರಲ್ಲೇ ವಿದ್ಯುತ್ ಕೇಂದ್ರ ಶುರುವಾಯಿತು. ಆಮೇಲೆ ಬಂದ ಶರಾವತಿ ಕೇಂದ್ರದ ಸಾಮರ್ಥ್ಯ 1,035 ಮೆಗಾವಾಟ್. ನಾನು ಶಾಲೆಯಲ್ಲಿ ಓದಿದ ದಿನಗಳಲ್ಲಿ ರಾಜ್ಯದ ಎಷ್ಟೋ ಮನೆಗಳ ಬಲ್ಬು ಉರಿದದ್ದು ಈ ನೀರಿನಿಂದಲೇ.

ದಕ್ಷಿಣ ಅಮೆರಿಕದಲ್ಲೂ ಇಂಥ ಕಥೆಯಿದೆ. ಪರಾನಾ ನದಿಯ ಮೇಲೆ ಗ್ವಾಯಿರಾ ಎಂಬ ಭಾರೀ ಜಲಪಾತವಿತ್ತು. ಬ್ರೆಜಿಲ್ ಮತ್ತು ಪರಾಗ್ವೆ ಸೇರಿ 14,000 ಮೆಗಾವಾಟ್‌ನ ಇಟೈಪು ಅಣೆಕಟ್ಟು ಕಟ್ಟಿದಾಗ, 1982ರಲ್ಲಿ ಅದು ಪೂರ್ತಿ ಮುಳುಗಿತು. ಇಗುವಾಸು ಬೇರೆ ನದಿಯಲ್ಲಿದೆ, ಆ ನದಿ ಪರಾನಾ ಸೇರುವುದು ಅಣೆಕಟ್ಟಿನ ಕೆಳಗೆ. ಹಾಗಾಗಿ ಅದು ಉಳಿದಿದೆ. ನಮ್ಮ ಜೋಗವೂ ಅಣೆಕಟ್ಟಿನ ಕೆಳಗಿರುವುದರಿಂದ ಮುಳುಗಲಿಲ್ಲ. ಮಳೆಗಾಲದಲ್ಲಾದರೂ ಗರ್ಜಿಸುತ್ತದೆ.

ಗೇರುಸೊಪ್ಪೆ ದಾಟಿ ಮರಳಿಗೆ

ಘಾಟಿ ಇಳಿದರೆ ಗೇರುಸೊಪ್ಪೆ. ರಾಣಿ ಚೆನ್ನಭೈರಾದೇವಿಯ ನಾಡು. ಪೋರ್ಚುಗೀಸರು ಅವಳನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಇಲ್ಲಿಂದ ಕಾಳುಮೆಣಸು ಹಡಗು ಹತ್ತಿತು. ಅದೇ ಪೋರ್ಚುಗೀಸರ ಹಡಗುಗಳಲ್ಲಿ ಬ್ರೆಜಿಲ್‌ನ ಗೇರು ಗಿಡ ನಮ್ಮ ಕರಾವಳಿಗೆ ಬಂತು. ನಾವು ದಕ್ಷಿಣ ಅಮೆರಿಕಕ್ಕೆ ಹೋಗದಿದ್ದರೇನು, ಅದರ ಗೋಡಂಬಿ ನಮ್ಮ ಪಾಯಸಕ್ಕೆ ಬಂದಿದೆ!

ಹೊನ್ನಾವರದಲ್ಲಿ ಶರಾವತಿ ಅಗಲವಾಗಿ, ನಿಧಾನವಾಗಿ ಅರಬ್ಬೀ ಸಮುದ್ರ ಸೇರುತ್ತಾಳೆ. ಕೊಂಕಣ ರೈಲ್ವೆಯ ಸೇತುವೆ ಇಲ್ಲಿ ಎರಡು ಕಿ.ಮೀ.ಗೂ ಉದ್ದ. ನದಿಯ ಆಚೆ ಕಾಸರಕೋಡು ಕಡಲತೀರ (ಕೇರಳದ ಕಾಸರಗೋಡು ಬೇರೆ). ಶುಚಿತ್ವ, ಸುರಕ್ಷತೆಗಾಗಿ 2020ರಲ್ಲಿ ಇದಕ್ಕೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು.

ನನ್ನಾಕೆ ಚಪ್ಪಲಿ ಬಿಟ್ಟು ಅಲೆಗೆ ಕಾಲೊಡ್ಡಿ ಕುಳಿತಳು. ಒಂದು ಹಿಡಿ ಮರಳು ಎತ್ತಿ “ಇದು ಎಲ್ಲಿಂದ ಬಂತು?” ಎಂದು ಕೇಳಿದಳು. ಕಡಲತೀರಕ್ಕೆ ಮರಳು ತರುವುದರಲ್ಲಿ ನದಿಗಳದು ದೊಡ್ಡ ಪಾಲು. ಬೆಟ್ಟ ಸವೆದು, ಬಂಡೆ ಪುಡಿಯಾಗಿ, ನೀರಿನೊಡನೆ ಬರುತ್ತದೆ. ಅಣೆಕಟ್ಟು ಕಟ್ಟಿದರೆ ಅದು ದಾರಿಯಲ್ಲೇ ನಿಲ್ಲುತ್ತದೆ. ನಮ್ಮ ತುಂಗಭದ್ರಾ ಜಲಾಶಯ ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯಬೇಕಿದ್ದ ಮಣ್ಣು ನಮ್ಮ ಮನೆಯ ಹಿಂದೆ ಕೂತಿದೆ. ಅಷ್ಟು ನೀರು ರೈತರ ಕಾಲುವೆಗೆ ಕಡಿಮೆ.

ನನ್ನದು ಲೆಕ್ಕದ ಬುದ್ಧಿ. ನದಿಯ ಖಾತೆಯಲ್ಲಿ ಜಮಾ ಬದಿಗೆ ಬೆಳಕು, ಭತ್ತ, ಕುಡಿಯುವ ನೀರು. ಖರ್ಚಿನ ಬದಿಗೆ ಊರು, ಕಾಡು, ಮರಳು. “ಜಮಾನೇ ಜಾಸ್ತಿ” ಎಂದೆ ನಾನು. “ಜಮಾ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಆದರೆ ಅದು ಯಾವ ಲೆಕ್ಕ ರೀ?” ಎಂದಳು ಆಕೆ. ಬಿ.ಕಾಂ. ಓದಿದವನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಮಕ್ಕಳೇ, ನೀವೂ ಅಜ್ಜ ಅಜ್ಜಿಯರ ಜೊತೆ ಒಂದು ನದಿಯ ಬೆನ್ನು ಹತ್ತಿ ಹೋಗಿ. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ತಿಂಗಳು. ಬಂಡೆ ಜಾರುತ್ತದೆ, ಕಂಬಿಯ ಒಳಗೇ ನಿಲ್ಲಿ. ಜಲಪಾತ ಕಂಡ ಕೂಡಲೇ ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆಮೇಲೆ, ಈ ನೀರು ಯಾರ ಊರಿನ ಮೇಲಿಂದ ಬಂತು ಎಂದು ಅಲ್ಲಿನ ಹಿರಿಯರೊಬ್ಬರನ್ನು ಕೇಳಿ.